ಏಳನೇ ಮಗುವಿನ ಫಲಿತಾಂಶ

ದಾನಮ್ಮನನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಶಿಲ್ಪಶ್ರೀ ತಿರುಗುವಷ್ಟರಲ್ಲಿ ನಚಿಕೇತ ಎದುರಿಗೆ ನಿಂತಿದ್ದ.

"ಯಾರೇ ಅದು?"

"ಏಳನೇ ಮಗುವಿನ ತಾಯಿ."

ನಚಿಕೇತನ ಮುಖ ಬಿಳಿಚಿಕೊಂಡಿತು. ಜೆ.ಪಿ. ನಗರದ ಆ ಹೋಟೆಲಿನ ಸಭಾಂಗಣದಲ್ಲಿ ಹನ್ನೊಂದು ದೇಶಗಳ ತಜ್ಞರು ಬಂದು ಕೂತಿದ್ದರು. ಇನ್ನು ಹತ್ತು ನಿಮಿಷಕ್ಕೆ ಡಾ. ವೆಂಕಟಾಚಲ ಆಟಿಸಂ ಕುರಿತ ತಮ್ಮ ಇಪ್ಪತ್ತೈದು ವರ್ಷಗಳ ಅಧ್ಯಯನವನ್ನು ಮಂಡಿಸುವವರಿದ್ದರು. ನಚಿಕೇತ, ಶಿಲ್ಪಶ್ರೀ ಇಬ್ಬರೂ ಅವರ ತಂಡದವರೇ. ಅವನು ವರದಿ ಬರೆದವನು, ಅವಳು ಅಂಕಿಅಂಶ ನೋಡಿಕೊಳ್ಳುವವಳು.

"ಆಯಮ್ಮ ಎದ್ದು ಏನಾದ್ರೂ ಮಾತಾಡ್ತಾರಾ?"

"ಇಲ್ಲ. ಬರೀ ಕೇಳೋಕೆ ಬಂದಿದಾರೆ." ಎಂದಿನಂತೆ ಒಂದೊಂದೇ ಪದವನ್ನು ಜೋಡಿಸಿ ಹೇಳಿದಳು.

ಐದು ವರ್ಷವಾದರೂ ಮಾತು ಬಾರದ ನಲವತ್ತೆರಡು ಮಕ್ಕಳು. ಅವುಗಳಲ್ಲಿ ಒಂದಕ್ಕೂ ಮುಂದೆ ಮಾತು ಬರಲಿಲ್ಲ ಎಂಬುದೇ ವೆಂಕಟಾಚಲರ ಸಿದ್ಧಾಂತ. ಅಂಥ ಮಕ್ಕಳಿಗೆ ಮಾತಿನ ತರಬೇತಿ ಕೊಡುವುದೇ ದಂಡ ಎಂದು ಅವರು ಇವತ್ತು ಘೋಷಿಸಲಿದ್ದರು. ಆದರೆ ಆ ನಲವತ್ತೆರಡರಲ್ಲಿ ಹತ್ತೊಂಬತ್ತು ಮಕ್ಕಳು ಮೊದಲ ವರ್ಷವೇ ಅಧ್ಯಯನ ಬಿಟ್ಟುಹೋಗಿದ್ದವು. ಅವುಗಳ ಹೆಸರಿನ ಕಡತವನ್ನು ಆಮೇಲೆ ಯಾರೂ ಬಿಚ್ಚಿರಲಿಲ್ಲ. ತಂಡದ ಮುಂದೆ ಇದ್ದದ್ದು ಬರಿಯ ಕ್ರಮಸಂಖ್ಯೆ. ಏಳನೆಯದೂ ಸೇರಿ ಆ ಹತ್ತೊಂಬತ್ತು ಸಾಲುಗಳಲ್ಲೂ 'ಮಾತು ಬಂದಿಲ್ಲ' ಎಂದು ಒಂದೇ ದಿನ ತುಂಬಿದ್ದನ್ನು ಶಿಲ್ಪಶ್ರೀ ಪತ್ತೆಹಚ್ಚಿದ್ದಳು.

ಕೇಳಿದ್ದಕ್ಕೆ ವೆಂಕಟಾಚಲ ನಕ್ಕಿದ್ದರು. "ನೀನು ಅಂಕಿ ನೋಡ್ಕೊಮ್ಮ. ಮಾತಾಡೋದು ನಿನ್ನ ಕೈಲಾಗೋ ಕೆಲ್ಸ ಅಲ್ಲ."

ಮರುದಿನವೇ ಮಂಡಿಸುವವರ ಪಟ್ಟಿಯಿಂದ ಅವಳ ಹೆಸರು ಹೋಯಿತು. ಈ ಅಂಕಿಗಳ ಬಗ್ಗೆ ಅವಳು ಸಂಸ್ಥೆಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಅವಳ ಸಿಟ್ಟೆಲ್ಲ ಆ ಪಟ್ಟಿಯದ್ದೇ ಎಂದು ತಂಡದವರು ತಿಳಿದರು. ಅವಳು ತಿದ್ದಲು ಹೋಗಲಿಲ್ಲ.

ದಾನಮ್ಮನ ಸಿಟ್ಟು ಹಳೆಯದು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಜಯನಗರದ ಕ್ಲಿನಿಕ್ಕಿನಲ್ಲಿ, ಕ್ರಮಸಂಖ್ಯೆ ಏಳು ಎಂದು ಬರೆದ ಚೀಟಿಯನ್ನು ಕೈಗಿಟ್ಟು, ಇದೇ ವೆಂಕಟಾಚಲ ತಲೆಯೆತ್ತದೆ, ಇದು ಮಾತಾಡುವುದಿಲ್ಲ, ಇದರ ಹಿಂದೆ ಅಲೆದು ಜನ್ಮ ಹಾಳುಮಾಡಿಕೊಳ್ಳಬೇಡಿ, ಇನ್ನೊಂದು ಮಗು ಮಾಡಿಕೊಳ್ಳಿ ಎಂದಿದ್ದರು. ಪಕ್ಕದಲ್ಲಿದ್ದ ಗಂಡ ಆ ಮಾತನ್ನು ನಂಬಿದ. ಆರು ತಿಂಗಳಲ್ಲಿ ಬೇರೆ ಸಂಸಾರ ಹೂಡಿದ. ದಾನಮ್ಮ ಗಿರಿನಗರದ ಒಂದು ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತ, ಮಗುವಿನ ಜೊತೆ ಒಬ್ಬಳೇ ಉಳಿದಳು. ಬಡಿಯುವಾಗಲೆಲ್ಲ ಅದರೊಡನೆ ಮಾತಾಡುತ್ತಲೇ ಇದ್ದಳು.

ವೆಂಕಟಾಚಲ ಸೊಗಸಾಗಿ ಮಾತಾಡಿದರು. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಶಿಲ್ಪಶ್ರೀಯೂ ತಟ್ಟಿದಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈತ ಸೋಲಬಾರದು. ಯಾರ ಚಪ್ಪಾಳೆಗಾಗಿ ಸುಳ್ಳು ಬರೆದನೋ ಅವರ ಮುಂದೆಯೇ ಬೀಳಬೇಕು. ಅವಳಿಗಿದ್ದ ಭಯ ಒಂದೇ: ಕೊನೆ ಗಳಿಗೆಯಲ್ಲಿ ಎಲ್ಲಿ ಸತ್ಯ ಹೇಳಿಬಿಡುತ್ತಾನೋ ಎಂದು.

ಗೋಷ್ಠಿಯ ಅಧ್ಯಕ್ಷೆ ಕಮಲಾದೇವಿ ಪ್ರಶ್ನೆಗಳಿಗೆ ಅವಕಾಶ ಕೊಟ್ಟರು. ಶಿಲ್ಪಶ್ರೀ ಎದ್ದು ನಿಂತು ಮೈಕ್ ತೆಗೆದುಕೊಂಡಳು. ತಮ್ಮ ತಂಡದವಳೇ ಎದ್ದದ್ದು ಕಂಡು ವೆಂಕಟಾಚಲರ ಹುಬ್ಬು ಗಂಟಿಕ್ಕಿತು.

ಏಳನೇ ಮಗುವಿಗೆ ಮಾತು ಬಂದಿಲ್ಲವೆಂದು ಖಚಿತಪಡಿಸಿಕೊಂಡದ್ದು ಹೇಗೆ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ವೆಂಕಟಾಚಲ ಮುಗುಳ್ನಕ್ಕರು. ಕಳೆದ ತಿಂಗಳು ತಾವೇ ಅವರ ಮನೆಗೆ ಹೋಗಿದ್ದಾಗಿ, ಒಂದು ಗಂಟೆ ಎದುರಿಗೆ ಕೂತು ಪರೀಕ್ಷಿಸಿದ್ದಾಗಿ ಹೇಳಿದರು. ತಾಯಿ ಪಾಪ, ಕೈಹಿಡಿದು ಅತ್ತರಂತೆ.

ನಚಿಕೇತ ಥಟ್ಟನೆ ಹಿಂದಿನ ಸಾಲಿಗೆ ತಿರುಗಿದ. ದಾನಮ್ಮ ಏಳಲಿಲ್ಲ.

ಅಷ್ಟು ಮುಖ್ಯವಾದ ಪ್ರಕರಣವಾದರೆ ಆ ವ್ಯಕ್ತಿಯನ್ನು ನಾಳೆಯ ಗೋಷ್ಠಿಗೆ ಕರೆತರಲು ಸಾಧ್ಯವೇ ಎಂದು ಕಮಲಾದೇವಿ ವಿಚಾರಿಸಿದರು.

ವೆಂಕಟಾಚಲ ಮರುಕದಿಂದ ತಲೆಯಾಡಿಸಿದರು. ಇಷ್ಟು ಜನರ ಮುಂದೆ ನಿಲ್ಲುವುದು ಅದರಿಂದ ಆಗದ ಮಾತು. ತನ್ನ ಹೆಸರು ಹೇಳಲೂ ಅದಕ್ಕೆ ಬರುವುದಿಲ್ಲ ಎಂದರು.

ಶಿಲ್ಪಶ್ರೀ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದಳು. ಹಿಂದಿನ ಸಾಲಿಗೂ ಅರ್ಥವಾಗಲೆಂದು ಈ ಸಲ ಕನ್ನಡದಲ್ಲೇ ಹೇಳಿದಳು.

"ನಿಂತಿದೀನಲ್ಲ, ಸಾರ್. ನನ್ನ ಹೆಸರು ಶಿಲ್ಪಶ್ರೀ. ಅಲ್ಲಿ ಕೂತಿರೋದು ನಮ್ಮವ್ವ."