ಮೊದಲು ಪ್ರಮಾಣ

ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಜೈಲು. ಮಾಡದೆ ಹೇಳಿದರೆ? ಸದನ ಸಮಿತಿಯ ಮುಂದೆ ಕುಳಿತ ಮೇಲೂ ಮಾವಿನ ರಸದ ಕಂಪನಿಯ ಎಂಡಿಗೆ ಇದು ಬಗೆಹರಿದಿರಲಿಲ್ಲ. ಬಾಟಲಿಗಳ ಮೇಲೆ ‘ಅರ್ಧಕ್ಕರ್ಧ ಮಾವು’ ಎಂದು ಅಚ್ಚಾಗಿತ್ತು. ಅದು ಸುಳ್ಳೆಂದು ಗೊತ್ತಾದರೆ ಕಾರ್ಖಾನೆಗೆ ಬೀಗ ಬೀಳುತ್ತಿತ್ತು.

“ಪ್ರಮಾಣ ಮಾಡಲ್ಲ ಅಂದ್ಬಿಡಿ ಸಾರ್,” ಪಕ್ಕದಲ್ಲಿದ್ದ ವಕೀಲರು ಪಿಸುಗುಟ್ಟಿದರು. “ಇದೇನು ಕೋರ್ಟಾ? ಆಮೇಲೆ ಧೈರ್ಯವಾಗಿ ಐವತ್ತು ಪರ್ಸೆಂಟ್ ಅನ್ನಿ.”

“ದೇವರು ಕೇಳಿಸ್ಕೊಳ್ಳಲ್ವಾ?”

“ಅವನು ಸಮಿತೀಲಿಲ್ಲ ಸಾರ್.”

ಎಂಡಿ ಮತ್ತೆ ಯೋಚನೆಯಲ್ಲಿ ಮುಳುಗಿದ. ಅಧ್ಯಕ್ಷೆ ಮೇಜು ಕುಟ್ಟಿದರು.

“ಏನ್ರೀ, ನಿದ್ದೆನಾ? ಮೊದಲು ಪ್ರಮಾಣ! ಹೇಳಿ, ಬೇಗ!”

ಅವನು ಮಿಶ್ರಣದ ತೊಟ್ಟಿಯ ಬಳಿ ಕೆಲಸ ಕಲಿತು ಮೇಲೆ ಬಂದವನು. ಆ ಪದ ಕಿವಿಗೆ ಬಿದ್ದದ್ದೇ ಥಟ್ಟನೆ ಎದ್ದು ನಿಂತ.

“ಮಾವು ಎರಡು, ಸಿಹಿಗುಂಬಳ ನಲವತ್ತು, ಉಳಿದಿದ್ದೆಲ್ಲ ಸಕ್ಕರೆ ನೀರು, ಮೇಡಂ!”

ವಕೀಲರು ತಲೆ ಹಿಡಿದುಕೊಂಡರು.

“ನಾನು ಕೇಳಿದ್ದು ದೇವರ ಮೇಲಿನ ಪ್ರಮಾಣ ಕಣ್ರೀ,” ಎಂದರು ಅಧ್ಯಕ್ಷೆ. “ಇರಲಿ, ಕೂತ್ಕೊಳ್ಳಿ. ಇನ್ನು ಅದು ಬೇಡ.”

‘ಸತ್ಯವನ್ನೇ ಹೇಳುತ್ತೇನೆ’ ಎಂದು ಮಾತ್ರ ಅವನು ಕೊನೆಗೂ ಹೇಳಲಿಲ್ಲ.