ನಾಲ್ಕು ನಿಂಬೆಹಣ್ಣು

“ಇವನಿಗೆ ನಾಲ್ಕು ಚಕ್ರ ಎಂತಕ್ಕೆ ಮಾರಾಯ್ರೆ? ಎರಡು ಕಾಲಲ್ಲೇ ನೆಟ್ಟಗೆ ನಿಲ್ಲಲಿಕ್ಕೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಸಾಡಿ ಬಂದ ಕತ್ತೆ!”

ಕೃಷ್ಣರಾಜ ಇದನ್ನು ಹೇಳಿದ್ದು ಶೋರೂಮಿನ ನಟ್ಟನಡುವೆ, ಕೊರಳಿಗೆ ಆಫೀಸಿನ ಟ್ಯಾಗು ನೇತುಹಾಕಿಕೊಂಡ ನಾಲ್ಕೈದು ಗಿರಾಕಿಗಳ ಎದುರಿಗೆ. ಚೆನ್ನೈನಲ್ಲಿ ಕನ್ನಡ ಯಾವನಿಗೆ ತಿಳಿಯುತ್ತೆ ಅನ್ನೋ ಧೈರ್ಯ. ಮಾತು ತಿಳಿಯದಿದ್ದರೂ ಗಿರಾಕಿಗಳಿಗೆ ದನಿ ತಿಳಿಯಿತು. ಒಬ್ಬ ಕಿಸಕ್ಕನೆ ನಕ್ಕ. ಗಾಡಿ ತೋರಿಸುತ್ತಿದ್ದ ಹುಡುಗಿ ಮಧುರಾ ಮಾತ್ರ ನಗಲಿಲ್ಲ. ಕೈಲಿದ್ದ ಕೀಲಿಗೊಂಚಲು ನೋಡುತ್ತಾ ನಿಂತಳು.

ಬೈಸಿಕೊಂಡವನು ಕೃಷ್ಣರಾಜನ ತಂಗಿಯ ಮಗ ಜಯಪ್ರಕಾಶ. ಕೋಡಂಬಾಕ್ಕಂನಲ್ಲಿರುವ ಮಾವನ ಹೋಟೆಲಿನಲ್ಲಿ ದೋಸೆ ಕಾವಲಿ ಅವನದು. ಶೋಳಿಂಗನಲ್ಲೂರಿನ ಹೊಸ ಹೋಟೆಲಿನವರು ಅವನನ್ನು ಕೆಲಸಕ್ಕೆ ಕರೆದ ಸುದ್ದಿ ಕಿವಿಗೆ ಬಿದ್ದ ದಿನವೇ ಮಾವನಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. “ಹೋಗಬೇಡ ಮಗಾ. ನಿನಗೆ ಆ ಮಣ್ಣಲ್ಲಿ ಓಡುವ ನಾಲ್ಕು ಚಕ್ರದ ಬೈಕು ಬೇಕಂತಲ್ಲ, ಎಟಿವಿ, ಅದು ತೆಗೆಸಿ ಕೊಡ್ತೇನೆ. ನೀನೇ ಆರಿಸು. ನಿಂದೇ ಗಾಡಿ.” ಆ ಒಂದು ಮಾತಿಗೆ ಹುಡುಗ ಬಿದ್ದ. ಅವತ್ತಿನಿಂದ ದೋಸೆ ಹುಯ್ಯುವಾಗಲೂ ತಲೆಯೊಳಗೆ ಕೋವಳಂ ಆಚೆ ಗೆಳೆಯ ಸುರೇಶನ ಗಾಳಿಮರದ ತೋಪೇ. ಮರಳು, ಬೇರು, ದಿಣ್ಣೆ. ಬೆನ್ನ ಹಿಂದೆ “ಎರಡು ಮಸಾಲೆ” ಅಂತ ಬೊಗಳುವ ಪ್ರಾಣಿ ಒಂದೂ ಇಲ್ಲ.

ಅವನು ಕೈ ಇಟ್ಟಿದ್ದು ನಡುವಿನ ಕೆಂಪು ಗಾಡಿಯ ಮೇಲೆ. “ಇದು ಹಗುರ ಮಾವ. ಮೊದಲನೇ ಗಾಡಿ ಅಲ್ವಾ, ಮಗುಚಿ ಬಿದ್ದರೂ ನಾನೊಬ್ಬನೇ ಎತ್ತಿ ನಿಲ್ಲಿಸಬಹುದು. ಆ ದೊಡ್ಡದು ಮೈಮೇಲೆ ಬಿದ್ದರೆ ಕಥೆ ಮುಗೀತು.”

ಮಾವ ಆಗಲೇ ದೊಡ್ಡ ಹಸಿರು ಗಾಡಿಗೆ ಒಂದು ಪ್ರದಕ್ಷಿಣೆ ಮುಗಿಸಿದ್ದ. “ಇದೇ ಸೈ. ಕ್ಯಾರಿಯರ್ ನೋಡು! ಮುಂದೆ ಇಡ್ಲಿ ಡಬ್ಬಿ, ಹಿಂದೆ ಸಾಂಬಾರ್ ಡ್ರಮ್ಮು. ಆಫೀಸುಗಳಿಗೆಲ್ಲ ಸಪ್ಲೈ ನೀನೇ.”

“ಸಾರ್, ಇದು ರೋಡಿಲ್ ಓಟ್ಟ ಕೂಡಾದು,” ಎಂದಳು ಮಧುರಾ ತಮಿಳಿನಲ್ಲಿ. ಇದಕ್ಕೆ ನಂಬರೇ ಕೊಡುವುದಿಲ್ಲ, ರಸ್ತೆಗೆ ಇಳಿಸುವಂತಿಲ್ಲ, ಮನೆಗೂ ಟೆಂಪೋದಲ್ಲಿ ಹೇರಿಕೊಂಡೇ ಹೋಗಬೇಕು ಎಂದು ವಿವರಿಸಿದಳು.

ಮಾವ ಗಲ್ಲ ಕೆರೆದುಕೊಂಡ. ಮಿಕ್ಕ ಅನ್ನವನ್ನೆಲ್ಲ ಚಿತ್ರಾನ್ನ ಮಾಡಿ ಮಾರಿದ ತಲೆ ಅದು. “ಆಯ್ತಲ್ಲ, ಹೋಟೆಲ್ ಎದುರು ನಿಲ್ಲಿಸುವ. ಮಕ್ಕಳು ಹತ್ತಿ ಫೋಟೋ ತೆಗೀಲಿ. ಮೇಲೆ ನಮ್ಮ ಬೋರ್ಡು.”

“ನಾನು ಓಡಿಸೋದು ಯಾವಾಗ ಮಾವ?”

“ದಿನಾ ತೊಳಿಯುವವ ನೀನೇ ಅಲ್ವನಾ?”

ಸಹಿ ಬಿತ್ತು, ಮಾವನದೇ. ಶೋರೂಮಿನ ಹಿಂದೆ ಗಾಡಿ ಓಡಿಸಿ ನೋಡುವ ಮಣ್ಣಿನ ಅಂಗಳಕ್ಕೆ ಹಸಿರು ಗಾಡಿ ಬಂತು. ಹೋಟೆಲಿನ ಅಡುಗೆಮನೆಯಿಂದ ತಂದಿದ್ದ ನಿಂಬೆಹಣ್ಣುಗಳನ್ನು ನಾಲ್ಕೂ ಚಕ್ರದ ಮುಂದೆ ಇಟ್ಟವನು ಜಯಪ್ರಕಾಶ. ಹೊಸ ಗಾಡಿ ಹರಿಸಿ ಆ ಹಣ್ಣುಗಳನ್ನು ಒಡೆಯಬೇಕಾದವನು ಗಾಡಿಯ ಯಜಮಾನ. ಹುಡುಗ ಕಾಲೆತ್ತುವಷ್ಟರಲ್ಲಿ ಮಾವ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿ, ಪಂಚೆ ಎತ್ತಿ ಕಟ್ಟಿ, ತಾನೇ ಹತ್ತಿ ಕೂತ. ಮಧುರಾ ಚಾಚಿದ ಹೆಲ್ಮೆಟ್ಟನ್ನೂ ಮುಟ್ಟಲಿಲ್ಲ. ತಲೆಗೆ ಎಣ್ಣೆ ಹಾಕಿದ್ದೇನೆ ಅಂದ.

ಸ್ಕೂಟರಿನ ಹಾಗೆ ಹಿಡಿ ತಿರುವಿದ. ಗಾಡಿ ಅಲುಗಲಿಲ್ಲ. ಒದ್ದೆ ಬಟ್ಟೆ ಹಿಂಡುವ ಹಾಗೆ ಮತ್ತೆ ತಿರುವಿದ.

“ಮಾವ, ಅದು ತಿರುವೋದಲ್ಲ. ಹೆಬ್ಬೆರಳ ಹತ್ರ ಇದೆ ನೋಡಿ...”

“ನಿನ್ನಪ್ಪನಿಗೆ ಸೈಕಲ್ ಕಲಿಸಿದವ ನಾನು! ಬಾಯಿ ಮುಚ್ಚು!”

ಆ ಸಿಟ್ಟಿಗೆ ಹೆಬ್ಬೆರಳು ಒತ್ತಬೇಕಾದ್ದನ್ನು ಒತ್ತಿಯೇ ಬಿಟ್ಟಿತು. ಗಾಡಿ ಕಟ್ಟು ಬಿಚ್ಚಿದ ಹೋರಿಯ ಹಾಗೆ ನೆಗೆದು, ಹಳೇ ಟೈರುಗಳ ಸಾಲನ್ನು ಚೆಲ್ಲಾಡಿ, ಅಂಗಳದ ತುದಿಯ ಕೆಸರುಗುಂಡಿಗೆ ಮೂತಿ ಊರಿ ನಿಂತಿತು. ಮಾವನಿಗೆ ಒಂದು ಗೀರೂ ಆಗಲಿಲ್ಲ. ಪಂಚೆ ಮಾತ್ರ ಕ್ಯಾರಿಯರಿಗೆ ಸಿಕ್ಕಿಕೊಂಡು ಪಟ್ಟೆ ಚಡ್ಡಿ ದರ್ಶನ ಕೊಟ್ಟಿತು. ಟ್ಯಾಗಿನವರು ಮೊಬೈಲು ತೆಗೆದರು.

“ಏಯ್ ಜಯಾ! ಇದನ್ನು ಹಿಂದಕ್ಕೆ ತೆಗೆಯುವುದು ಹೇಗನಾ?”

ಮಧುರಾ ಜಯಪ್ರಕಾಶನ ಕಡೆ ತಿರುಗಿದಳು. “ರಿವರ್ಸ್ ಎಲ್ಲಿದೆ ಅಂತ ನಿಮಗೆ ಗೊತ್ತಲ್ವಾ? ಹೇಳಲ್ವಾ?”

ಅಚ್ಚ ಕನ್ನಡ. ರೈಲ್ವೆ ಕ್ವಾರ್ಟರ್ಸಿನ ಕನ್ನಡದವರ ಹುಡುಗಿ; ಮಾವನ ಮೊದಲ ಮಾತಿನಿಂದ ಒಂದೂ ಬಿಡದೆ ಅವಳಿಗೆ ಅರ್ಥವಾಗಿತ್ತು. ಕೆಸರಲ್ಲಿದ್ದ ಮಾವನ ಮುಖ ಒಮ್ಮೆಲೇ ಸಣ್ಣದಾಯಿತು. ಪಂಚೆ ಎಳೆದುಕೊಳ್ಳುತ್ತಾ ದನಿ ಇಳಿಸಿದ. “ಜಯಾ... ಮಗಾ...”

ಮೂರು ನಿಂಬೆಹಣ್ಣು ಮಣ್ಣಿಗೆ ಅಂಟಿಹೋಗಿದ್ದವು. ನಾಲ್ಕನೆಯದು ಚಕ್ರಕ್ಕೆ ಸಿಗದೆ ಉರುಳಿ ಜಯಪ್ರಕಾಶನ ಕಾಲ ಬಳಿ ಬಂದು ನಿಂತಿತ್ತು. ಅದನ್ನೆತ್ತಿ, ಶರ್ಟಿಗೆ ಒರೆಸಿ ಜೇಬಿಗೆ ಹಾಕಿಕೊಂಡ. ಗೇಟು ದಾಟಿದ. ಎಡಕ್ಕೆ ಹೋದರೆ ಕೋಡಂಬಾಕ್ಕಂ ಕಡೆಯ ಬಸ್ಸು, ಬಲಕ್ಕೆ ಶೋಳಿಂಗನಲ್ಲೂರು, ಆ ಹೊಸ ಹೋಟೆಲಿನ ಕಡೆ.

“ನಾಳೆ ಬೆಳಿಗ್ಗೆ ಕಾವಲಿ ಯಾರು ಕಾಯಿಸುವುದು ಮಗಾ?” ಗುಂಡಿಯಿಂದ ಕೂಗು ಬಂತು.

ಜಯಪ್ರಕಾಶ ಬಲಕ್ಕೆ ನಡೆದ, ನೆಟ್ಟಗೆ.