ಸೊಟ್ಟ ಬೈತಲೆ

ಲಿಥಿಯಂ-11 ಎಂಬ ಪರಮಾಣುವಿನ ಬೀಜದ ಅಂಚಿಗೆ ಎರಡು ನ್ಯೂಟ್ರಾನುಗಳು ತೂಗಾಡುತ್ತಿರುತ್ತವೆ. ಒಂದನ್ನು ಕಿತ್ತರೆ ಇನ್ನೊಂದೂ ನಿಲ್ಲುವುದಿಲ್ಲ. ಒಂದು ಸೀಮೆಯಲ್ಲಿ ಮನೆಗಳದೂ ಅದೇ ಕಟ್ಟು. ಮೂವರಿದ್ದರೆ ಸಂಸಾರ, ಒಬ್ಬರು ಹೋದರೆ ಉಳಿದಿಬ್ಬರದು ಆಳಿಗೊಂದು ದಿಕ್ಕು.

ಕುಂಬಾರ ಓಣಿಯ ಸಾತವ್ವನ ಅತ್ತೆ ಬೆಳಗ್ಗೆ ತೀರಿಕೊಂಡಿದ್ದಳು. ಹೆಣ ಮನೆಯೊಳಗಿರುವವರೆಗೆ ಕಟ್ಟು ಬಿಡುವುದಿಲ್ಲ. ಅದು ಹೊಸ್ತಿಲು ದಾಟಿತೆಂದರೆ ಗಂಡಹೆಂಡಿರ ಕಾಲುಗಳು ತಾವಾಗಿಯೇ ಬೇರೆಬೇರೆ ದಾರಿ ಹಿಡಿಯುತ್ತವೆ. ವಾಡಿಕೆಯಂತೆ ನೆರೆಯವರು ಎರಡು ಬುತ್ತಿ ಕಟ್ಟಿ, ಒಂದನ್ನು ಮುಂಬಾಗಿಲಿಗೆ, ಒಂದನ್ನು ಹಿತ್ತಿಲ ಬಾಗಿಲಿಗೆ ಇಟ್ಟಿದ್ದರು.

"ಈ ಮುದುಕಿ ಯಾವಾಗ ಹೋಗ್ತದೋ ಅಂತ ಬಾಯಿ ಬಡ್ಕೋತಿದ್ದಿ. ಈಗ ನೋಡಿದ್ರ ಬಿಡವಲ್ಲಿ," ಎಂದಳು ಪಕ್ಕದ ಮನೆಯ ಗಂಗವ್ವ, ಕಣ್ಣೊರೆಸಿಕೊಳ್ಳುತ್ತ. "ಹೊತ್ತು ಇಳೀತು. ಎತ್ತೋಣೇನವ್ವಾ?"

"ತಡೀರಿ, ತಲಿ ಬಾಚೋದೈತಿ," ಎಂದಳು ಸಾತವ್ವ.

"ಆಗ್ಲೇ ಬಾಚಿದಿಯಲ್ಲ?"

"ಬೈತಲಿ ಸೊಟ್ಟ ಆಗೈತಿ. ನಮ್ಮತ್ತಿ ಬೈತಾಳ."

ಸಾತವ್ವ ಅತ್ತೆಯ ತುರುಬನ್ನು ಮತ್ತೆ ಬಿಚ್ಚಿದಳು. ಹೆಣದ ಆಚೆ ಬದಿಗೆ ಕೂತಿದ್ದ ಗಂಡ ಈರಭದ್ರ ಎಣ್ಣೆಯ ಬಟ್ಟಲನ್ನು ಮೆಲ್ಲಗೆ ಅವಳತ್ತ ಸರಿಸಿದ.